ಹೊಂಗೆ ಮರದ ತಿರುವು

ಆರ್.ಟಿ. ನಗರದ ಹಿಂದಿನ ಗಲ್ಲಿಯೊಂದರಲ್ಲಿ, ಒಂದು ಆಟೋ ಬಂದರೆ ಇನ್ನೊಂದು ಹಿಂದಕ್ಕೆ ಸರಿಯಬೇಕಾದಂಥ ಜಾಗದಲ್ಲಿ, ಟೇಲರ್ ಖಾದರ್ ಬಾಷಾರ ಮನೆ ಇದೆ. ಇಪ್ಪತ್ತು ಮೂವತ್ತರ ಸೈಟು. ಅಕ್ಕಪಕ್ಕದವರು ಅಷ್ಟೇ ಸೈಟಿನಲ್ಲಿ ನಾಲ್ಕು ಅಂತಸ್ತು ಎಬ್ಬಿಸಿ, ಗಾಳಿ ಬೇಕಾದರೆ ತಾರಸಿಗೆ ಹೋಗಿ ಎಂದು ಬಾಡಿಗೆಯವರಿಗೆ ಹೇಳಿಕೊಂಡಿದ್ದಾರೆ. ಈ ಮನೆ ಮಾತ್ರ ಎರಡೇ ಅಂತಸ್ತಿನದು, ಮಣ್ಣಿನ ಬಣ್ಣದ್ದು, ಪಕ್ಕದಲ್ಲಿ ಒಂದು ಹೊಂಗೆ ಮರವನ್ನೂ ಇಟ್ಟುಕೊಂಡಿದೆ. ಮೊದಮೊದಲು ಗಲ್ಲಿಯವರು, "ಪ್ಲಾಸ್ಟರ್ ಯಾವಾಗ ಮಾಡಿಸ್ತೀರಾ ಸಾಬ್ರೇ?" ಎಂದು ಕೇಳುತ್ತಿದ್ದರು. ಇದೇ ಪ್ಲಾಸ್ಟರ್ ಎಂದರೆ ಯಾರೂ ನಂಬುತ್ತಿರಲಿಲ್ಲ.

ಕಟ್ಟಿದ್ದು ಬಾಷಾರ ಒಬ್ಬಳೇ ಮಗಳು ನೂರೀನ್. ಆರ್ಕಿಟೆಕ್ಟ್, ಇಪ್ಪತ್ತೊಂಬತ್ತು ವರ್ಷ, ಮಾತು ಶುರುಮಾಡಿದರೆ ನಿಲ್ಲಿಸುವವರಿಲ್ಲ. ಮನೆಗೆ ಬೇಕಾದ ಇಟ್ಟಿಗೆಯನ್ನು ಪಾಯದಿಂದ ತೆಗೆದ ಮಣ್ಣಿನಲ್ಲೇ ಒತ್ತಿಸಿದ್ದಳು. ಬೇಸಿಗೆಯಲ್ಲೂ ಆ ಮನೆಯಲ್ಲಿ ಫ್ಯಾನು ಎರಡರ ಮೇಲೆ ಹೋಗುತ್ತಿರಲಿಲ್ಲ. ಆದರೆ ಅವಳು ಎದೆಯುಬ್ಬಿಸಿ ತೋರಿಸುತ್ತಿದ್ದದ್ದು ಅದನ್ನಲ್ಲ. ಆ ಮನೆಯ ಒಳಗೋಡೆಗಳು ಸರಿಯುತ್ತಿದ್ದವು. ಹಬ್ಬಕ್ಕೆ ನೆಂಟರು ಬಂದರೆ ಮೂರು ಕೋಣೆ ಸೇರಿ ಒಂದು ಹಾಲ್, ಅವರು ಹೋದ ಮೇಲೆ ಮತ್ತೆ ಮೂರು ಕೋಣೆ. ಮುಂದೆ ಮದುವೆ, ಮಗು, ಬಾಡಿಗೆ ಏನೇ ಬಂದರೂ ಮನೆ ಒಡೆಯಬೇಕಾಗಿರಲಿಲ್ಲ.

ಇದನ್ನು ಅವಳು ಕಾಲೇಜಿನಲ್ಲಿ ಕಲಿತದ್ದಲ್ಲ, ಅಪ್ಪನ ಹೊಲಿಗೆ ಮಿಷಿನ್ನಿನ ಪಕ್ಕ ಕೂತು ಕಲಿತದ್ದು. ಬಾಷಾ ನಲವತ್ತು ವರ್ಷದಿಂದ ಶಾಲೆ ಮಕ್ಕಳ ಯೂನಿಫಾರಂ ಹೊಲಿದುಕೊಂಡು ಬಂದವರು. ಲಂಗದ ಅಂಚಿನಲ್ಲಿ ನಾಲ್ಕು ಬೆರಳು, ಸೊಂಟದಲ್ಲಿ ಎರಡು ಬೆರಳು ಬಟ್ಟೆಯನ್ನು ಮಡಚಿ ಒಳಗೆ ಬಿಟ್ಟಿರುತ್ತಿದ್ದರು. "ಮಗು ಬೆಳೆಯುತ್ತಮ್ಮಾ, ಬಟ್ಟೆ ಬೆಳೆಯಲ್ಲ. ಮುಂದಿನ ವರ್ಷ ತಗೊಂಬನ್ನಿ, ಬಿಚ್ಚಿ ದೊಡ್ಡದು ಮಾಡ್ಕೊಡ್ತೀನಿ," ಎನ್ನುತ್ತಿದ್ದರು. ಮನೆ ನೋಡಲು ಬಂದವರಿಗೆಲ್ಲ ನೂರೀನ್ ಈ ಕಥೆ ಹೇಳಿ, "ಇದು ಒಳಗೆ ಬಟ್ಟೆ ಬಿಟ್ಟ ಮನೆ," ಎಂದು ಮುಗಿಸುತ್ತಿದ್ದಳು. ಕೆಳಗೆ ಅಂಗಡಿಯಲ್ಲಿ ಕೂತ ಬಾಷಾ ಕೇಳಿಸದವರಂತೆ ಮಿಷಿನ್ ತುಳಿಯುತ್ತಿದ್ದರು. ಕಿವಿ ಮಾತ್ರ ಕೆಂಪಾಗುತ್ತಿತ್ತು.

ಕೆಳಗೆ ರಸ್ತೆಗೆ ಮುಖಮಾಡಿ ಅಂಗಡಿ, ಅದರ ಹಿಂದೆ ಬಾಡಿಗೆಗಿದ್ದ ಶಿವರಾಮ್, ಶಾಲಾ ಬಸ್ಸಿನ ಡ್ರೈವರು. ಮೇಲೆ ಬಾಷಾ, ಅವರ ಹೆಂಡತಿ ಜಾಹಿದಾ, ನೂರೀನ್. ಮೇಲೆ ಹೋಗುವ ಮೆಟ್ಟಿಲು ಹೊರಗಡೆ ಇದೆ, ಹೊಂಗೆ ಮರವನ್ನು ಬಳಸಿಕೊಂಡು ತಿರುಗುತ್ತದೆ. ಆ ಮರ ಜಾಹಿದಾರದ್ದು. ಇದೇ ಜಾಗದ ಹಳೇ ಮನೆಗೆ ಮದುವೆಯಾಗಿ ಬಂದ ವರ್ಷ ತಾವೇ ನೆಟ್ಟದ್ದು. ನಕ್ಷೆ ಹಾಕುವಾಗ ಅವರು ಮಗಳಿಗೆ ಹೇಳಿದ್ದು ಒಂದೇ ಮಾತು: "ಮನೆ ಹೆಂಗಾದ್ರೂ ಕಟ್ಟು, ನನ್ ಮರ ಮುಟ್ಬೇಡ."

ನೂರೀನ್ ಮುಟ್ಟಲಿಲ್ಲ. ಮರಕ್ಕೂ ಗೋಡೆಗೂ ನಡುವೆ ಉಳಿದದ್ದು ಎರಡೂಕಾಲು ಅಡಿ. ಅಷ್ಟರಲ್ಲೇ ಮೆಟ್ಟಿಲು ತಿರುಗಿಸಿದಳು. ಗಾರೆ ಕೆಲಸದ ಮುರಿಗೆಪ್ಪ, ಬಾಗಲಕೋಟೆ ಕಡೆಯವನು, ಕೈಯಲ್ಲಿ ಕರಣೆ ಹಿಡಿದುಕೊಂಡೇ ತಲೆಯಾಡಿಸಿದ್ದ. "ಇಲ್ಲಿ ತಿಜೂರಿ ಹೊಳ್ಳಂಗಿಲ್ರಿ ಮೇಡಮ್ಮಾರ. ಇನ್ನೊಂದು ಗೇಣು ಬಿಡ್ರಿ."

"ಬೀರೂನೇ ಬೇಡ ಮುರಿಗೆಪ್ಪಾ. ಕಪಾಟು ಗೋಡೆಯಲ್ಲೇ ಇರುತ್ತೆ, ಮಂಚ ಬಿಚ್ಚಿ ಜೋಡಿಸೋದು. ಈ ಮನೆಗೆ ಉದ್ದದ್ದು ಏನೂ ಹತ್ತಬೇಕಾಗಿಲ್ಲ, ಇಳೀಬೇಕಾಗಿಲ್ಲ," ಎಂದು ನಕ್ಕಿದ್ದಳು ನೂರೀನ್.

ಮನೆಯಾದ ನಾಲ್ಕನೆಯ ವರ್ಷ, ರಂಜಾನಿನ ಹಿಂದಿನ ಶಾಬಾನ್ ತಿಂಗಳ ಒಂದು ಬೆಳಿಗ್ಗೆ, ಜಾಹಿದಾರಿಗೆ ಎದೆ ಹಿಡಿದುಕೊಂಡಿತು. ನೂರೀನ್ ಆಗ ಹೆಸರಘಟ್ಟದಲ್ಲಿದ್ದಳು. ಅಲ್ಲೊಂದು ತೋಟದ ಮನೆಗೆ ಇಟ್ಟಿಗೆ ಒತ್ತುವ ಕೆಲಸ ಶುರುವಾಗಿತ್ತು, ಮಣ್ಣಿನ ಹದ ನೋಡಲು ಆರಕ್ಕೇ ಹೊರಟು ಹೋಗಿದ್ದಳು. ಫೋನು ಬಂದಾಗ ಎರಡೂ ಕೈ ಮಣ್ಣು. ಅವಳು ಹೆಬ್ಬಾಳದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಾಷಾ ಹೊರಗೆ ಬೆಂಚಿನ ಮೇಲೆ ಕೂತಿದ್ದರು, ಟೇಪು ಇನ್ನೂ ಕುತ್ತಿಗೆಯಲ್ಲೇ ಇತ್ತು.

"ಆಂಬುಲೆನ್ಸ್ ಬರೋದು ಲೇಟಾಯ್ತು ಬೇಟಾ," ಎಂದರು. "ಅವ್ರು ಮೇಲೆ ಹತ್ತೋದ್ರೊಳಗೇ ನಿಮ್ಮ ಅಮ್ಮಿ ಹೋಗ್ಬಿಟ್ಟಿದ್ಲು."

ಹೆಬ್ಬಾಳದ ಟ್ರಾಫಿಕ್ಕಿನ ಮೇಲೆ ಯಾರು ಏನು ತಪ್ಪು ಹೊರಿಸಿದರೂ ಬೆಂಗಳೂರಿನಲ್ಲಿ ಅನುಮಾನಪಡುವವರಿಲ್ಲ. ನೂರೀನ್ ಕೂಡ ಪಡಲಿಲ್ಲ. ಒಂದು ವರ್ಷ ಪೂರ್ತಿ ಅಲ್ಲಿನ ಮೇಲುಸೇತುವೆಯನ್ನು ದಾಟುವಾಗೆಲ್ಲ ಬೈದಳು. ಸಿಗ್ನಲ್ಲಿನಲ್ಲಿ ಆಂಬುಲೆನ್ಸಿಗೆ ದಾರಿ ಬಿಡದವರ ಮೇಲೆ ಇಳಿದು ಜಗಳವಾಡಿದಳು. ಬೈಯಲು ಏನೋ ಒಂದು ಸಿಕ್ಕಿತ್ತಲ್ಲ, ಅದರಿಂದ ದುಃಖಕ್ಕೆ ಸ್ವಲ್ಪ ಆಸರೆಯಾಗಿತ್ತು.

ಅಮ್ಮಿ ಹೋದ ನಲವತ್ತನೇ ದಿನ ಕಳೆದ ಮೇಲೆ ಒಂದು ದಿನ ಅವಳ ಕಣ್ಣಿಗೆ ಮೆಟ್ಟಿಲಿನ ತಿರುವಿನಲ್ಲಿ ಒಂದು ಗೀಚು ಬಿತ್ತು. ಮಣ್ಣಿನ ಗಿಲಾವು ಸೊಂಟದೆತ್ತರದಲ್ಲಿ ಒಂದು ಮೊಳ ಉದ್ದಕ್ಕೆ ಕಿತ್ತುಹೋಗಿ, ಒಳಗಿನ ಇಟ್ಟಿಗೆ ಕಾಣುತ್ತಿತ್ತು. ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು.

"ಅಬ್ಬಾ, ಯಾರು ಮಾಡಿದ್ದು ಇದು?"

ಬಾಷಾ ಸೂಜಿಗೆ ದಾರ ಪೋಣಿಸುತ್ತಿದ್ದರು. ತಲೆ ಎತ್ತಲಿಲ್ಲ. "ಬೀರು ಸಾಗಿಸೋವಾಗ ತಗುಲ್ತೇನೋ."

"ಯಾವ ಬೀರು? ಈ ಮನೆಗೆ ಬೀರು ತರಬೇಡಿ ಅಂತ ಹೇಳಿರ್ಲಿಲ್ವಾ ನಾನು? ಯಾರದ್ದಾದ್ರೂ ಹಳೇದು ತಂದು ತುರುಕೋಕೆ ನೋಡಿದ್ರಾ?"

"ಹೂಂ. ಆಗಲಿಲ್ಲ. ವಾಪಸ್ ಕಳಿಸ್ದೆ."

"ನೋಡಿ, ಎಷ್ಟು ಹಾಳು ಮಾಡಿಟ್ಟಿದ್ದಾರೆ!"

"ಇರಲಿ ಬಿಡು ಬೇಟಾ. ಅದೇನು ತೊಂದ್ರೆ ಕೊಡುತ್ತೆ ನಿಂಗೆ?"

"ಕಣ್ಣಿಗೆ ಚುಚ್ಚುತ್ತೆ ಅಬ್ಬಾ."

ಆ ಭಾನುವಾರ ಅವಳೇ ಕೂತು ಸರಿಮಾಡಿದಳು. ಅದೇ ಮಣ್ಣು, ಅದೇ ಸುಣ್ಣ, ಸ್ವಲ್ಪ ಹುಲ್ಲು. ಗಾಯದ ಅಂಚಿಗೆ ನೀರು ಚಿಮುಕಿಸಿ ಮೆತ್ತಗೆ ಮಾಡಿ, ಕೈಯಲ್ಲೇ ಮೆತ್ತಿ, ಒದ್ದೆ ಸ್ಪಂಜಿನಿಂದ ಉಜ್ಜಿದಳು. ಮಣ್ಣಿನ ಗೋಡೆಯ ಗುಣವೇ ಅದು, ನೀರು ಸೋಕಿದರೆ ಹಳೆಯದೂ ಹೊಸದೂ ಒಂದಾಗಿಬಿಡುತ್ತದೆ. ಬಾಷಾ ಎರಡು ಮೆಟ್ಟಿಲು ಕೆಳಗೆ ಬಕೆಟ್ಟು ಹಿಡಿದು ನಿಂತಿದ್ದರು. ಒಣಗಿದ ಮೇಲೆ ಯಾರಿಗೂ ಗುರುತು ಹತ್ತದಂತೆ ಆಯಿತು. ನೂರೀನ್ ಅದರ ಮೊದಲಿನ ಫೋಟೋ, ಆಮೇಲಿನ ಫೋಟೋ ಎರಡನ್ನೂ ಮಣ್ಣಿನ ಮನೆಗಳ ಬಗ್ಗೆ ತಾನು ಕೊಡುತ್ತಿದ್ದ ಭಾಷಣಕ್ಕೆ ಸೇರಿಸಿಕೊಂಡಳು. ಸಿಮೆಂಟಿನ ಗೋಡೆಗೆ ಹಾಕಿದ ತೇಪೆ ಸಾಯುವವರೆಗೂ ತೇಪೆಯಾಗಿಯೇ ಕಾಣುತ್ತದೆ, ಮಣ್ಣು ಹಾಗಲ್ಲ ಎಂದು ಎಲ್ಲ ಕಡೆ ಹೇಳಿದಳು.

ಇದಾಗಿ ಹತ್ತು ತಿಂಗಳ ಮೇಲೆ, ಒಂದು ಶನಿವಾರ ಮಧ್ಯಾಹ್ನ, ಯಲಹಂಕ ಕಡೆಯ ಕಾಲೇಜೊಂದರಿಂದ ಹನ್ನೆರಡು ಜನ ವಿದ್ಯಾರ್ಥಿಗಳು ಮನೆ ನೋಡಲು ಬಂದರು. ನೂರೀನ್ ಗೋಡೆ ಸರಿಸಿ ತೋರಿಸಿದಳು, ಅಪ್ಪನ ಲಂಗದ ಕಥೆ ಹೇಳಿದಳು, ಎಲ್ಲರೂ ನಕ್ಕರು. ಕೊನೆಗೆ ಮೆಟ್ಟಿಲಿಗೆ ಬಂದರು. ಮರದ ಕಾಂಡದ ಮೇಲೆ ಕೈಯಿಟ್ಟು, "ನಮ್ಮಮ್ಮಿಯ ಮರ ಇದು. ಇದಕ್ಕೋಸ್ಕರ ಮೆಟ್ಟಿಲೇ ಸೊಂಟ ಬಗ್ಗಿಸಿಕೊಂಡಿತು," ಎಂದಳು.

ಗುಂಪಿನ ಹಿಂದಿದ್ದ ಕನ್ನಡಕದ ಹುಡುಗಿಯೊಬ್ಬಳು ಟೇಪು ಹಿಡಿದು ತಿರುವನ್ನು ಅಳೆಯುತ್ತಿದ್ದಳು. "ಮ್ಯಾಮ್, ಇಲ್ಲಿ ಸ್ಟ್ರೆಚರ್ ಇಳಿಯುತ್ತಾ?"

ನೂರೀನ್ ಬಾಯಿ ತೆರೆಯುವ ಮೊದಲೇ, ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದ ಶಿವರಾಮ್ ಉತ್ತರ ಕೊಟ್ಟುಬಿಟ್ಟ. ಒಳ್ಳೆಯ ಮನುಷ್ಯ, ಯಾರು ಏನು ಕೇಳಿದರೂ ಉತ್ತರ ಕೊಡದೆ ಇರಲಾರ. "ಎಲ್ ಇಳಿಯುತ್ತಮ್ಮಾ. ಅವತ್ತು ಎಷ್ಟ್ ಒದ್ದಾಡಿದ್ವಿ..."

ಅಷ್ಟಕ್ಕೇ ಅವನ ಕೈ ಬಾಯಿಗೆ ಹೋಯಿತು. ಅವನು ನೂರೀನಳ ಕಡೆ ನೋಡಿದ. ನೂರೀನ್ ಮರದ ಮೇಲಿಟ್ಟ ಕೈ ತೆಗೆದಿರಲಿಲ್ಲ.

ವಿದ್ಯಾರ್ಥಿಗಳನ್ನು ಅವಳು ಹೇಗೆ ಕಳಿಸಿದಳೋ ಅವಳಿಗೇ ಗೊತ್ತಿಲ್ಲ. ಆಮೇಲೆ ಶಿವರಾಮನ ಕೋಣೆಗೆ ಹೋಗಿ, ಅವನ ಎದುರು ಸ್ಟೂಲಿನ ಮೇಲೆ ಕೂತು, "ಹೇಳಿ ಅಣ್ಣ," ಎಂದಳು.

"ಬೇಡ ಕಣಮ್ಮಾ. ಸಾಬ್ರು ಗಲ್ಲೀಲಿ ಎಲ್ಲರ ಹತ್ರಾನೂ ಮಾತು ತಗೊಂಡಿದ್ದಾರೆ. ನಾನೊಬ್ಬ ಬಾಯಿಬಡುಕ..."

"ಹೇಳಿ."

ಶಿವರಾಮ್ ಹೇಳಿದ. ಆಂಬುಲೆನ್ಸ್ ಹನ್ನೆರಡು ನಿಮಿಷಕ್ಕೇ ಬಂದಿತ್ತಂತೆ. ಜಾಹಿದಮ್ಮ ಚೆನ್ನಾಗಿ ಮಾತಾಡುತ್ತಿದ್ದರಂತೆ. ಮಲಗಿಸಿಕೊಂಡು ಇಳಿಯುವಾಗ ಸ್ಟ್ರೆಚರು ತಿರುವಿನಲ್ಲಿ ಸಿಕ್ಕಿಕೊಂಡಿತು, ಹಿಂದೆಯೂ ಬರಲಿಲ್ಲ, ಮುಂದೆಯೂ ಹೋಗಲಿಲ್ಲ. ನೆಟ್ಟಗೆ ನಿಲ್ಲಿಸಲು ನೋಡಿದರೆ ಅವರಿಗೆ ಉಸಿರೇ ಸಿಗುತ್ತಿರಲಿಲ್ಲ. ಆಂಬುಲೆನ್ಸಿನವನು, ಸುತ್ತಿಗೆ ತನ್ನಿ, ಮೆಟ್ಟಿಲಂಚಿನ ಈ ಕೈಗೋಡೆ ಒಡೆದು ಹಾಕೋಣ ಎಂದ. ಶಿವರಾಮನೇ ಓಡಿಹೋಗಿ ತಂದ.

"ಆಗ ನಿಮ್ಮಮ್ಮ ಬಾಯಿ ಮೇಲಿದ್ದ ಮಾಸ್ಕ್ ತೆಗ್ದು ಹಾಕಿದ್ರಮ್ಮಾ. ಒಡೀಬೇಡಿ, ನನ್ ಮಗಳು ಕಟ್ಟಿದ್ದು ಅಂದ್ರು. ನಾನು ಸುತ್ತಿಗೆ ಹಿಡ್ಕೊಂಡು ಹಂಗೇ ನಿಂತೆ. ಒಡೆದು ಬಿಡ್ಬೇಕಿತ್ತು. ಇವತ್ತಿಗೂ ಅನ್ಸುತ್ತೆ, ಯಾಕೆ ನಿಂತೆ ಅಂತ." ಅವನು ಕಣ್ಣೊರೆಸಿಕೊಂಡ. "ಕೊನೆಗೆ ಸಾಬ್ರೇ ಜಮಖಾನದಲ್ಲಿ ಸುತ್ತಿ, ಮಗು ಎತ್ಕೊಂಡಂಗೆ ಎತ್ಕೊಂಡು ಇಳಿದ್ರು. ಅಷ್ಟೊತ್ತಿಗೆ ಇಪ್ಪತ್ತು ನಿಮಿಷದ ಮೇಲಾಗಿತ್ತು."

ನೂರೀನ್ ಅಂಗಡಿಗೆ ಹೋದಳು. ಸಂಜೆಯಾಗುತ್ತಿತ್ತು, ಬಾಷಾ ಒಂದು ಸಣ್ಣ ನೀಲಿ ಚಡ್ಡಿಗೆ ಅಂಚು ಮಡಚುತ್ತಿದ್ದರು. ಮಗಳ ಮುಖ ನೋಡಿದ ಕೂಡಲೇ ಅವರಿಗೆ ತಿಳಿಯಿತು. ಆದರೂ ಕೊನೆಯ ಪ್ರಯತ್ನ ಮಾಡಿದರು.

"ಶಿವರಾಮನಿಗೆ ವಯಸ್ಸಾಯ್ತು ಬೇಟಾ. ಯಾವುದನ್ನೋ ಯಾವುದಕ್ಕೋ ಸೇರಿಸಿ ಮಾತಾಡ್ತಾನೆ."

"ಅಬ್ಬಾ."

ಅವರು ಚಡ್ಡಿಯನ್ನು ಮಡಚಿ ಬದಿಗಿಟ್ಟರು. "ಅವಳೇ ಹೇಳಿದ್ಲು. ನನ್ ಕೈಯಲ್ಲಿ ಇದ್ಲಲ್ಲ, ಇಳೀತಾ ಇಳೀತಾ ಕಿವಿಯಲ್ಲಿ ಹೇಳಿದ್ಲು. ನೂರೀನ್‌ಗೆ ಹೇಳ್ಬೇಡಿ, ಆಮೇಲೆ ಅವಳ ಕೈಗೆ ಪೆನ್ಸಿಲ್ಲೇ ಹತ್ತಲ್ಲ ಅಂತ. ಆಮೇಲೆ ಇನ್ನೇನೂ ಹೇಳಲಿಲ್ಲ."

"ಒಂದು ಗೇಣು ಬಿಡಿ ಅಂದಿದ್ದ ಮುರಿಗೆಪ್ಪ," ಎಂದಳು ನೂರೀನ್. "ಊರಿಗೆಲ್ಲ ಹೇಳ್ಕೊಂಡು ತಿರುಗಿದೆ ಅಬ್ಬಾ, ಒಳಗೆ ಬಟ್ಟೆ ಬಿಟ್ಟ ಮನೆ ಅಂತ. ಹುಟ್ಟೋರಿಗೆ ಬಿಟ್ಟೆ, ಮದ್ವೆಯಾಗೋರಿಗೆ ಬಿಟ್ಟೆ, ನೆಂಟರಿಗೆ ಬಿಟ್ಟೆ. ಅಮ್ಮಿಗೆ ಮಾತ್ರ ಒಂದು ಗೇಣು ಬಿಡಲಿಲ್ಲ."

"ಮರ ಬೇಕು ಅಂದವಳು ಅವಳೇ ಅಲ್ವಾ. ಸಾಕಾಗುತ್ತೆ ಅಂದವನು ನಾನೂ ಹೌದು. ನಲವತ್ತು ವರ್ಷ ಅಳತೆ ತಗೊಂಡವನು, ನಂಗೇ ಹೊಳೀಲಿಲ್ಲ."

ಆಮೇಲೆ ಅವಳಿಗೆ ಇನ್ನೊಂದು ನೆನಪಾಯಿತು. ನೆನಪಾದದ್ದೇ ಅವಳು ಮಿಷಿನ್ನಿನ ಅಂಚು ಹಿಡಿದುಕೊಂಡಳು. "ಆ ಗೀಚು. ಬೀರು ಅಂದ್ರಲ್ಲ."

ಬಾಷಾ ಕುತ್ತಿಗೆಯ ಟೇಪು ತೆಗೆದು ಸುತ್ತತೊಡಗಿದರು.

ನೂರೀನ್ ಹೊರಗೆ ಓಡಿದಳು. ಮೆಟ್ಟಿಲಿನ ತಿರುವಿಗೆ ಹೋಗಿ ಗೋಡೆಯನ್ನು ಅಂಗೈಯಿಂದ ಸವರಿದಳು. ಎಲ್ಲ ಒಂದೇ ಸಮ. ಬೆರಳ ತುದಿಯಿಂದ ಹುಡುಕಿದಳು, ಉಗುರಿನಿಂದ ಕೆರೆದಳು, ಕೆನ್ನೆ ತಾಗಿಸಿ ನೋಡಿದಳು. ಅಮ್ಮಿ ಸಿಕ್ಕಿಹಾಕಿಕೊಂಡ ಜಾಗದ ಒಂದೇ ಒಂದು ಗುರುತನ್ನು ಅವಳು ತನ್ನ ಕೈಯಾರೆ, ಅಷ್ಟು ಚೆನ್ನಾಗಿ, ಅಷ್ಟು ಹೆಮ್ಮೆಯಿಂದ ಅಳಿಸಿದ್ದಳು. ಅವಳ ಕೆಲಸ ಅಂದರೆ ಅಷ್ಟು ಅಚ್ಚುಕಟ್ಟು. ಗೋಡೆಯನ್ನು ತಬ್ಬಿಕೊಂಡು ಅವಳು ಗಲ್ಲಿಗೆಲ್ಲ ಕೇಳುವಂತೆ ಅತ್ತಳು. ಗಲ್ಲಿಯವರು ಬಾಗಿಲಿಗೆ ಬಂದು, ನೋಡಿ, ಮೆಲ್ಲಗೆ ಒಳಗೆ ಹೋದರು. ವರ್ಷದಿಂದ ಕಾಪಾಡಿಕೊಂಡು ಬಂದ ಮಾತು ಇವತ್ತು ಮುರಿಯಿತೆಂದು ಅವರಿಗೆಲ್ಲ ತಿಳಿಯಿತು.

ಬಾಷಾ ಒಂದೊಂದೇ ಮೆಟ್ಟಿಲು ಹತ್ತಿ ಬಂದು ಅವಳ ಹಿಂದೆ ನಿಂತರು.

"ಸಿಗ್ತಿಲ್ಲ ಅಬ್ಬಾ," ಎಂದಳು ಅವಳು.

"ಅಲ್ಲಲ್ಲ ಬೇಟಾ. ಇನ್ನೂ ನಾಲ್ಕು ಬೆರಳು ಕೆಳಗೆ."

ಅವರು ಅವಳ ಕೈ ಹಿಡಿದು ಗೋಡೆಯ ಮೇಲೆ ಇಟ್ಟರು. ಅಲ್ಲಿ ಮಣ್ಣು ಉಳಿದ ಕಡೆಗಿಂತ ನುಣುಪಾಗಿತ್ತು, ದಿನವೂ ಹತ್ತುವಾಗ ಇಳಿಯುವಾಗ ಒಬ್ಬರು ಅಂಗೈ ಇಟ್ಟೂ ಇಟ್ಟೂ ಸವೆದಿತ್ತು.