ಬೇಸಿಗೆಯ ಮೇಣ

ರೊಮೆಡ್ ಎರಡನೆಯ ಸಲ ಸೊಂಟವನ್ನು ಮುಂದಕ್ಕೆ ದೂಡಿದ. ಕಾಲಿಗೆ ಕಟ್ಟಿದ ಹಲಗೆ ಕದಲಲಿಲ್ಲ.

ಕೆಳಗೆ, ಸ್ಮಶಾನದ ಗೋಡೆಯ ಪಕ್ಕ, ಊರಿಗೆ ಊರೇ ತಲೆಯೆತ್ತಿ ನಿಂತಿತ್ತು. ಟಿರೋಲಿನ ಆ ಬೆಟ್ಟದೂರಿನಲ್ಲಿ ಹಿಮವನ್ನು ನಂಬಿ ಬದುಕಿದವನು ಸತ್ತರೆ, ಅವನ ಸ್ನೋಬೋರ್ಡನ್ನು, ಹಿಮದ ಮೇಲೆ ಜಾರುವ ಆ ಹಲಗೆಯನ್ನು, ಮನೆಯವರೊಬ್ಬರು ಮೇಲಿನಿಂದ ಕೊನೆಯ ಸಲ ಇಳಿಸಿ ತರಬೇಕು. ಅದು ಬಂದ ಮೇಲೆಯೇ ಶವಪೆಟ್ಟಿಗೆ ಗುಂಡಿಗಿಳಿಯುವುದು. ಕಾಸಿಯಾನನ ಪೆಟ್ಟಿಗೆ ಕಾಯುತ್ತಿತ್ತು. ಅವನ ತಮ್ಮ ರೊಮೆಡ್ ಮಾತ್ರ ಮೇಲೆ ನಿಂತಲ್ಲೇ ಓಲಾಡುತ್ತಿದ್ದ.

"ಮೂವತ್ತು ವರ್ಷ ಊರಿನ ಹಲಗೆಗೆಲ್ಲ ಮೇಣ ಹಚ್ಚಿದೋನು. ಈಗ ಅವನ ಹಲಗೇನೇ ಜಾರಲ್ಲ ಅಂತಿದೆಯಲ್ಲ!" ಎಂದಳು ಬ್ರೆಡ್ಡಂಗಡಿಯ ಅಗಾತೆ.

"ಹೊರಡೋಕೆ ಮನಸ್ಸಿಲ್ಲ ಅವನಿಗೆ. ಚರ್ಚಿನ ಪೂಜೆಗೂ ಯಾವತ್ತೂ ಹೊತ್ತಿಗೆ ಸರಿಯಾಗಿ ಬಂದೋನಲ್ಲ," ಎಂದರು ಪಾದ್ರಿ. ಒಂದಿಬ್ಬರು ನಕ್ಕರು.

ಕಾಸಿಯಾನನ ಹೆಂಡತಿ ಬುರ್ಗಿ ನಗಲಿಲ್ಲ. ಮೂರು ದಿನದ ಹಿಂದೆ ಕಾಫಿ ಕೊಡಲು ಹೋದಾಗ ಗಂಡ ಕಾರ್ಯಾಗಾರದ ನೆಲದ ಮೇಲೆ ಬಿದ್ದಿದ್ದ. ಅಂದಿನಿಂದ ಅವಳಿಗೆ ಯಾರು ಏನು ಹೇಳಿದರೂ ಗೋಡೆಯಾಚೆಯ ಮಾತಿನಂತೆ ಕೇಳುತ್ತಿತ್ತು.

ರೊಮೆಡ್ ಕೊನೆಗೆ ಹಲಗೆಯನ್ನು ಕಾಲಿನಿಂದ ಬಿಚ್ಚಿ, ಕಂಕುಳಲ್ಲಿಟ್ಟುಕೊಂಡು, ಮೊಣಕಾಲುದ್ದದ ಹಿಮದಲ್ಲಿ ನಡೆದೇ ಬಂದ. ಬಂದವನು ಅದನ್ನು ಮಗುಚಿ ಹಿಡಿದ. ಅಡಿಯೆಲ್ಲ ನಾಣ್ಯದಷ್ಟು ದಪ್ಪ ಹಳದಿ ಮೇಣ. ಉಕ್ಕಿನ ಅಂಚುಗಳೂ ಕಾಣದಂತೆ ಮುಚ್ಚಿಹೋಗಿದ್ದವು. ಮೇಣಕ್ಕೆ ಹಿಮ ಕಚ್ಚಿಕೊಂಡಿತ್ತು.

"ಅತ್ತಿಗೆ, ಇದು ಬೇಸಿಗೆ ಮೇಣ," ಎಂದ ಅವನು.

ನಗು ನಿಂತುಹೋಯಿತು. ಅದು ಜನವರಿ, ಹಿಮಗಾಲ ಇನ್ನೂ ಅರ್ಧ ಬಾಕಿಯಿತ್ತು. ಈ ಮೇಣ ಹಚ್ಚುವುದು ಏಪ್ರಿಲ್‌ನಲ್ಲಿ, ಹಲಗೆಯನ್ನು ಎತ್ತಿಡುವಾಗ. ಅಲ್ಲಿ ನಿಂತವರಿಗೆಲ್ಲ ಅದು ಗೊತ್ತಿತ್ತು.

"ಅಣ್ಣ ನಿಮಗೆ ಹೇಳಿದ್ನಾ?"

"ಇಲ್ಲ," ಎಂದಳು ಬುರ್ಗಿ. ಅಂದರೆ ಸಾಯುವುದು ಅವನಿಗೆ ಗೊತ್ತಿತ್ತು. ಎಲ್ಲವನ್ನೂ ಓರಣವಾಗಿ ಎತ್ತಿಟ್ಟು, ಇಪ್ಪತ್ತೆಂಟು ವರ್ಷ ಪಕ್ಕದಲ್ಲಿ ಮಲಗಿದವಳಿಗೆ ಒಂದು ಮಾತೂ ಹೇಳದೆ ಎದ್ದು ಹೋಗಿದ್ದ.

"ಫಾದರ್, ಅರ್ಧ ಗಂಟೆ ಕೊಡಿ. ಹೆರೆದು ತರ್ತೀನಿ," ಎಂದ ರೊಮೆಡ್.

*

ಪ್ರತಿ ಏಪ್ರಿಲ್‌ನಲ್ಲೂ ಗಂಡ ಹೆಂಡಿರಿಬ್ಬರ ಹಲಗೆಗಳು ಒಂದೇ ದಿನ ಮಲಗುತ್ತಿದ್ದವು. ಹಾಗೆನ್ನುತ್ತಿದ್ದವನು ಕಾಸಿಯಾನ್. ಅಂಚಿನ ತುಕ್ಕು ಉಜ್ಜಿ, ಅರದಿಂದ ಹದವಾಗಿ ತೀಡಿ, ಕಾದ ಇಸ್ತ್ರಿಪೆಟ್ಟಿಗೆಗೆ ಮೇಣದ ತುಂಡು ಒತ್ತಿ ಹನಿ ಹನಿಯಾಗಿ ಸುರಿಸುತ್ತಿದ್ದ. ಹೊಗೆ ಬಂದರೆ ಮೇಣ ಸುಟ್ಟಿತೆಂದು ತನ್ನನ್ನೇ ಬೈದುಕೊಳ್ಳುತ್ತಿದ್ದ. ಹಿಮಗಾಲದಲ್ಲಾದರೆ ಆರಿದ ಮೇಲೆ ಚೂರೂ ಉಳಿಯದಂತೆ ಹೆರೆದು ಬ್ರಷ್ ಮಾಡಬೇಕು. ಇಲ್ಲದಿದ್ದರೆ ಹಲಗೆ ಓಡುವುದಿಲ್ಲ. ಏಪ್ರಿಲ್‌ನಲ್ಲಿ ಮಾತ್ರ ಹೆರೆಯಬಾರದು. ಅಡಿ ಒಣಗದಂತೆ, ಅಂಚು ತುಕ್ಕು ಹಿಡಿಯದಂತೆ ಮೇಣ ಹಾಗೇ ಹೊದ್ದುಕೊಂಡಿರಬೇಕು.

ಆರಿತೋ ಇಲ್ಲವೋ ನೋಡಲು ಅವನು ಹಲಗೆಯ ಬಾಲದ ಹತ್ತಿರ ಹೆಬ್ಬೆರಳು ಒತ್ತುತ್ತಿದ್ದ. ತಾಳ್ಮೆಯಿಲ್ಲದ ಮನುಷ್ಯ; ಆರುವ ಮುಂಚೆಯೇ ಒತ್ತಿ ಪ್ರತಿ ವರ್ಷವೂ ಗುರುತು ಬೀಳಿಸುತ್ತಿದ್ದ.

"ಮತ್ತೆ ಹೆಬ್ಬೆಟ್ಟು ಒತ್ತಿದೆಯಾ? ನೀನೇನು ಓದು ಬರಹ ಬರದೋನಾ?" ಎಂದು ಬುರ್ಗಿ ಹಂಗಿಸುತ್ತಿದ್ದಳು.

"ಇರ್ಲಿ ಬಿಡೇ. ನವೆಂಬರ್‌ನಲ್ಲಿ ಹೆರೆದಾಗ ಹೋಗುತ್ತೆ."

*

ಕಾರ್ಯಾಗಾರ ಚರ್ಚಿನ ಹಿಂದೆಯೇ ಇತ್ತು. ಬುರ್ಗಿಯ ಹಲಗೆ ಇನ್ನೂ ಮೇಜಿನ ಇಕ್ಕಳದಲ್ಲೇ ಸಿಕ್ಕಿಕೊಂಡಿತ್ತು. ಅದರ ಅಂಚು ತೀಡುತ್ತಿದ್ದಾಗಲೇ ಅವನು ಬಿದ್ದದ್ದು. ಅರ ನೆಲದ ಮೇಲಿತ್ತು. ಅದನ್ನು ಎತ್ತಿಡುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಹೊಸ ವರ್ಷದ ಬೆಳಗ್ಗೆ ಇದೇ ಬಾಗಿಲಲ್ಲಿ ನಿಂತು ಅವಳು ಕಿರುಚಿದ್ದಳು.

"ಹೊಸ ಹಿಮ ಬಿದ್ದಿದೆ, ಬಾರೋ ಅಂದ್ರೆ ಮೊಣಕಾಲು ನೋವಂತೆ! ನೋವಲ್ಲ, ಸೋಮಾರಿತನ. ಮುದುಕ ಆಗಿದ್ದೀಯ. ಆ ನಿನ್ನ ಹಲಗೇನ ಒಲೆಗೆ ಹಾಕು, ಚಳಿಗಾದ್ರೂ ಆಗುತ್ತೆ!"

ಅವನು ನಕ್ಕು, ಅವಳ ಹಲಗೆಯ ಅಂಚಿನ ಮೇಲೆ ಉಗುರು ಎಳೆದು ನೋಡಿದ್ದ. ಅಂಚು ಹರಿತವಿದ್ದರೆ ಉಗುರಿನಿಂದ ಪುಡಿ ಉದುರಬೇಕಿತ್ತು; ಉದುರಿರಲಿಲ್ಲ.

"ನಿಂದು ಮೊಂಡಾಗಿದೆ. ಬಿಡುವಾದಾಗ ತೀಡಿ ಕೊಡ್ತೀನಿ, ನೀನು ಹೋಗ್ಬಾ."

ಅದಾದ ಮೇಲೆ ಅವಳು ಅವನೊಂದಿಗೆ ಸರಿಯಾಗಿ ಮಾತೇ ಆಡಿರಲಿಲ್ಲ. ಈಗ ನಾಲಗೆ ಕಿತ್ತು ಬಿಸಾಡುವಷ್ಟು ಸಂಕಟವಾಯಿತು.

ರೊಮೆಡ್ ಮೇಣ ಹೆರೆಯುವ ಪಟ್ಟಿ ಹಿಡಿದು ಅಣ್ಣನ ಹಲಗೆಯನ್ನು ತಲೆಯ ಕಡೆಯಿಂದ ಹೆರೆಯತೊಡಗಿದ. ಹಳದಿ ಸುರುಳಿಗಳು ನೆಲಕ್ಕೆ ಬಿದ್ದವು. ಅಷ್ಟರಲ್ಲಿ ಊರಿನ ಡಾಕ್ಟರ್ ಹೆಡ್ವಿಗ್ ಒಳಗೆ ಬಂದು, ಬಾಗಿಲು ಮುಚ್ಚಿ, ಅಲ್ಲೇ ನಿಂತರು.

"ಯಾರಿಗೂ ಹೇಳಬಾರದು ಅಂತ ನನ್ನಿಂದ ಮಾತು ತಗೊಂಡಿದ್ದ, ಬುರ್ಗಿ. ಎದೆಯ ದೊಡ್ಡ ರಕ್ತನಾಳ ಉಬ್ಬಿತ್ತು. ಬೆಟ್ಟ ಕೂಡದು ಅಂತ ಕ್ರಿಸ್‌ಮಸ್‌ಗೆ ಮುಂಚೆ ಹೇಳಿದ್ದೆ."

"ಸಾಯ್ತೀಯ ಅಂತ ಹೇಳಿದ್ರಾ?"

"ಇಲ್ಲ! ಮಾರ್ಚ್‌ನಲ್ಲಿ ಆಪರೇಷನ್ ಇತ್ತು. ಮುಂದಿನ ಹಿಮಗಾಲಕ್ಕೆ ಇಳೀಬಹುದಾ ಅಂತ ಕೇಳಿದ. ಇಳೀಬಹುದು ಅಂದೆ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವಳೂ ಬೆಟ್ಟ ಬಿಟ್ಟು, ಪಕ್ಕದಲ್ಲಿ ಕೂತು ನನ್ನ ಉಸಿರು ಎಣಿಸ್ತಾಳೆ ಅಂದ."

ಬುರ್ಗಿ ಹಲಗೆಯತ್ತ ತಿರುಗಿದಳು. ರೊಮೆಡನ ಪಟ್ಟಿ ಅರ್ಧ ದಾಟಿ ಬಾಲದ ಕಡೆಗೆ ಬರುತ್ತಿತ್ತು. ಅಲ್ಲಿ, ಅಂಚಿನ ಪಕ್ಕದಲ್ಲಿ, ಮೇಣ ಗುಳಿ ಬಿದ್ದಿತ್ತು. ಗುಳಿಯೊಳಗೆ ಗೆರೆಗಳಿದ್ದವು.

"ನಿಲ್ಸೋ!" ಅವಳು ಅವನ ಮುಂಗೈ ಹಿಡಿದು ಹಿಂದಕ್ಕೆಳೆದಳು.

"ಅತ್ತಿಗೆ, ಹೆರೀದಿದ್ರೆ ಇದು ಇಳಿಯಲ್ಲ..."

"ಇಳೀಬಾರದು. ಒಲೆಗೆ ಹಾಕೋ ಹಲಗೆಗೆ ಯಾರೂ ಬೇಸಿಗೆ ಮೇಣ ಹಚ್ಚಲ್ಲ ಕಣೋ. ಮುಂದಿನ ಹಿಮಗಾಲಕ್ಕೆ ಮತ್ತೆ ತೆಗೀತೀನಿ ಅನ್ನೋನೇ ಹಚ್ಚೋದು." ಅಷ್ಟು ಹೇಳಿದವಳು ಮೂರು ದಿನದಲ್ಲಿ ಮೊದಲ ಸಲ ಗಟ್ಟಿಯಾಗಿ ಅತ್ತಳು. ಆಮೇಲೆ ಮೂಗೊರೆಸಿಕೊಂಡು, ಇಕ್ಕಳ ಸಡಿಲಿಸಿ ತನ್ನ ಹಲಗೆ ಬಿಡಿಸಿಕೊಂಡಳು. "ಅವನದನ್ನ ನನ್ನ ಬೆನ್ನಿಗೆ ಕಟ್ಟು."

ಕಪ್ಪು ಕೋಟಿನಲ್ಲೇ ಅವಳು ಮೇಲಿನಿಂದ ಇಳಿದಳು. ಸ್ಮಶಾನದ ಗೋಡೆಯ ಮೇಲ್ಗಡೆ ಹಿಮ ಗಟ್ಟಿ ಮಂಜುಗಡ್ಡೆಯಾಗಿತ್ತು. ಎಂಥ ಗಟ್ಟಿಗರೂ ಅಲ್ಲಿ ಒಮ್ಮೆಯಾದರೂ ಬಿದ್ದವರೇ. ಅಗಾತೆ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬುರ್ಗಿ ಹಿಮ್ಮಡಿಯ ಮೇಲೆ ಭಾರ ಬಿಟ್ಟಳು. ಬೀಳುವ ಮುಂಚೆ ಕಾಸಿಯಾನ್ ತೀಡಿ ಮುಗಿಸಿದ್ದು ಹಿಮ್ಮಡಿಯ ಕಡೆಯ ಆ ಅಂಚೊಂದನ್ನೇ. ಅದು ಮಂಜುಗಡ್ಡೆಯನ್ನು ಕಚ್ಚಿ ಹಿಡಿಯಿತು. ಅವಳು ನೇರವಾಗಿ ಬಂದು ಪೆಟ್ಟಿಗೆಯ ಮುಂದೆ ನಿಂತಳು.

ರೊಮೆಡ್ ಅವಳ ಬೆನ್ನಿನಿಂದ ಹಲಗೆ ಬಿಚ್ಚಿ ಕೈಗೆ ಕೊಟ್ಟ. ಇಳಿಯುವಾಗ ಹಾರಿದ ಹಿಮ ಹೆಬ್ಬೆಟ್ಟಿನ ಗುಳಿಯಲ್ಲಿ ತುಂಬಿಕೊಂಡಿತ್ತು. ಬುರ್ಗಿ ಅದನ್ನು ಮೆಲ್ಲಗೆ ಊದಿ, ಗೆರೆಗಳು ಕಾಣಿಸಿದ ಮೇಲೆ, ಪೆಟ್ಟಿಗೆ ಇಳಿಸಿ ಎಂದು ತಲೆಯಾಡಿಸಿದಳು.