ಎಡಗಿವಿಯ ಪಾಠಗಳು

"ಇದು ಬರಲ್ಲ. ಇದೂ ಬರಲ್ಲ."

ವಿಶ್ವವಿದ್ಯಾಲಯದ ಪ್ರವೇಶ ವಿಭಾಗದ ಗುಮಾಸ್ತೆ ಪೆನ್ಸಿಲ್ಲಿನ ತುದಿಯನ್ನು ಎದುರು ನಿಂತವಳ ಪಟ್ಟಿಯ ಮೇಲೆ ಇಳಿಸುತ್ತಾ ಬಂದಳು. ಮೂರು ವರ್ಷ, ಹನ್ನೊಂದು ಆನ್‌ಲೈನ್ ಕೋರ್ಸುಗಳು. ಅವುಗಳ ಕ್ರೆಡಿಟ್ ಇಲ್ಲಿಗೆ ವರ್ಗವಾದರೆ ನೇರ ಎರಡನೇ ವರ್ಷ, ಅದೂ ಸಂಜೆ ತರಗತಿ. ಇಸ್ತ್ರಿ ಕೆಲಸ ಬಿಡಬೇಕಾಗಿರಲಿಲ್ಲ.

"ಯಾಕೆ ಮೇಡಂ? ಎಲ್ಲದಕ್ಕೂ ಸರ್ಟಿಫಿಕೇಟ್ ಇದೆಯಲ್ಲ."

"ಸರ್ಟಿಫಿಕೇಟ್ ಇದೆಯಮ್ಮ, ಪರೀಕ್ಷೆ ಎಲ್ಲಿದೆ? ಕೇಂದ್ರಕ್ಕೆ ಹೋಗಿ, ಮೇಲ್ವಿಚಾರಕರ ಎದುರು ಕೂತು ಬರೆದಿದ್ರೆ ಮಾತ್ರ ಕ್ರೆಡಿಟ್ ತಗೋತೀವಿ. ನೀವು ಹುಡುಕಿ ಹುಡುಕಿ ಪರೀಕ್ಷೆ ಇಲ್ಲದ್ದನ್ನೇ ಆರಿಸ್ಕೊಂಡಿದೀರ!"

ಹೌದು, ಹುಡುಕಿ ಹುಡುಕಿಯೇ ಆರಿಸಿದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವರಿಗೆ ಕೈ ಎರಡೂ ಬಿಡುವಿಲ್ಲ. ಬಿಡುವಿರುವುದು ಒಂದು ಕಿವಿ. ಇನ್ನೊಂದು ಕಿವಿ ಯಂತ್ರದ ಗಂಟೆಗೆ ಮೀಸಲು. ಹಾಗಾಗಿ ಎಡಗಿವಿಯಲ್ಲಿ ಕೇಳಿಯೇ ಮುಗಿಸಬಹುದಾದ ಪಾಠ, ಮೊಬೈಲಿನಲ್ಲೇ ಉತ್ತರ ಒತ್ತಬಹುದಾದ ಪಾಠ. ಕೇಂದ್ರದ ಪರೀಕ್ಷೆಗಳೆಲ್ಲ ವಾರದ ನಡುವೆ; ಆಗ ರಜೆ ಯಾರು ಕೊಡುತ್ತಾರೆ? ಕೇಳಿದ್ದರಲ್ಲಿ ಮಾತ್ರ ಒಂದಕ್ಷರ ಮರೆತಿರಲಿಲ್ಲ. ಅಜ್ಜಿಯ ಕಥೆ ಕೇಳಿ ಬೆಳೆದ ಕಿವಿ ಅದು. ನದಿಗಳು ದಾರಿ ಬದಲಿಸಿದ್ದು, ಸೋತ ರಾಜರು ಒಪ್ಪಂದಕ್ಕೆ ಸಹಿ ಹಾಕಿದ್ದು, ಎಲ್ಲವನ್ನೂ ಊಟದ ಹೊತ್ತಿಗೆ ಲಾಂಡ್ರಿಯವರಿಗೆ ಕಥೆ ಮಾಡಿ ಹೇಳುತ್ತಿದ್ದಳು.

"ಈಗಲೇ ನನ್ನನ್ನ ಕೇಳಿ ಮೇಡಂ. ಯಾವುದರಲ್ಲಿ ಬೇಕಾದ್ರೂ."

ಗುಮಾಸ್ತೆ ಕನ್ನಡಕ ತೆಗೆದಳು. "ನಾನು ಕೇಳಿ ಏನ್ ಮಾಡ್ಲಿ ತಾಯಿ? ಉತ್ತರ ನಂಗೇ ಗೊತ್ತಿರಲ್ಲ." ಪೆನ್ಸಿಲ್ ಒಂಬತ್ತನೆಯದರ ಮೇಲೆ ನಿಂತಿತು. "ಇದೊಂದು ಬರುತ್ತೆ ನೋಡಿ. ಸಂಖ್ಯಾಶಾಸ್ತ್ರ. ನಾಲ್ಕು ಕ್ರೆಡಿಟ್."

ಬಾಯ್ಲರ್ ಬದಲಿಸಲೆಂದು ಲಾಂಡ್ರಿ ಮುಚ್ಚಿದ್ದ ವಾರದಲ್ಲಿ ಬರೆದ ಪರೀಕ್ಷೆ ಅದು. ಮೂರು ವರ್ಷದಲ್ಲಿ ಅದೊಂದೇ ವಾರ.

"ಮೊದಲನೇ ವರ್ಷಕ್ಕೆ ಸೇರ್ಕೊಳ್ಳಿ, ಬೇಡ ಅನ್ನೋರು ಯಾರು? ಆದ್ರೆ ಅದಕ್ಕೆ ಹಗಲು ತರಗತಿ ಮಾತ್ರ."

ಏಳು ಕಡಲು ದಾಟಿ ಬಂದವನಿಗೆ, ನೀನು ಹತ್ತಿದ್ದು ದೋಣಿಯೇ ಅಲ್ಲ ಎಂದ ಹಾಗಾಯಿತು. ಥ್ಯಾಂಕ್ಸ್ ಹೇಳಿದಳೋ ಇಲ್ಲವೋ, ಮೆಟ್ಟಿಲಿಳಿದ ಮೇಲೆ ಅವಳಿಗೇ ನೆನಪಿರಲಿಲ್ಲ.

ಮಧ್ಯಾಹ್ನ ಲಾಂಡ್ರಿಗೆ ಬಂದಾಗ, ಅಲ್ಲೇ ಜೊತೆಗೆ ದುಡಿಯುವ, ಬೆಳಗಿನಿಂದ ಅವಳ ಪಾಲಿನ ಕೆಲಸವನ್ನೂ ಎಳೆಯುತ್ತಿದ್ದ ಅತ್ತಿಗೆ ಬೆವರು ಒರೆಸಿಕೊಂಡು ನಕ್ಕಳು. "ಬಂದ್ಳಪ್ಪ ಕಾಲೇಜು ರಾಣಿ! ಇನ್ಮೇಲೆ ನಿನ್ ಜೊತೆ ಮಾತಾಡೋಕೂ ಅರ್ಜಿ ಹಾಕ್ಬೇಕೇನೇ?"

"ಒಂದು ಬಂತು ಅತ್ತಿಗೆ."

"ಒಂದು ವರ್ಷಾನಾ?"

"ಒಂದು ಕೋರ್ಸು. ಹನ್ನೊಂದರಲ್ಲಿ."

ಅತ್ತಿಗೆಯ ನಗು ಅಲ್ಲೇ ನಿಂತಿತು. "ಮತ್ತೆ ಆ ನದಿ? ಆ ರಾಜರು? ಅವೆಲ್ಲ ನಂಗೇ ಬಾಯಿಪಾಠ ಆಗೋಗಿದೆಯಲ್ಲೇ!"

"ಅವು ಲೆಕ್ಕಕ್ಕಿಲ್ವಂತೆ."

"ಹೋಗ್ಲಿ ಬಿಡು, ಮೊದಲಿಂದ ಸೇರು."

"ಹಗಲು ತರಗತಿ ಅತ್ತಿಗೆ."

ಹಗಲೆಂದರೆ ಏನೆಂದು ಅತ್ತಿಗೆಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಯಂತ್ರ ಬಿಸಿ ಹಾಸುಬಟ್ಟೆಯನ್ನು ಹೊರಗೆ ನೂಕಿತು. ಇಬ್ಬರೂ ಎರಡೆರಡು ಮೂಲೆ ಹಿಡಿದು ಹಿಂದೆ ಸರಿದರು, ಜಾಡಿಸಿ ಬಿಗಿಯಾಗಿ ಎಳೆದರು, ಮಡಿಸುತ್ತಾ ಒಬ್ಬರತ್ತ ಒಬ್ಬರು ನಡೆದರು. ಮೂಲೆಗಳು ಕೂಡಿದಾಗ ಅತ್ತಿಗೆಯ ಬೆರಳುಗಳು ಅವಳ ಬೆರಳುಗಳ ಮೇಲೆ ಒಂದು ಗಳಿಗೆ ಹೆಚ್ಚೇ ನಿಂತವು. ಅಷ್ಟರಲ್ಲಿ ಮುಂದಿನ ಹಾಸು ಬಂತು. ಇಬ್ಬರೂ ಮತ್ತೆ ಹಿಂದೆ ಸರಿದರು.