ಹೆಸರು ಅಳಿಸಿದ ಹನ್ನೆರಡು ಫೈಲುಗಳು

ಒಂದಾನೊಂದು ತಣ್ಣನೆಯ ಕೋಣೆಯಲ್ಲಿ ಹನ್ನೆರಡು ಮಂದಿ ಅಣ್ಣತಮ್ಮಂದಿರಿದ್ದರಂತೆ. ಬಾಯಿಲ್ಲ, ಕಿವಿಯಿಲ್ಲ, ಇದ್ದದ್ದು ಬರೆಯುವ ಚಟವೊಂದೇ. ಯಾರು ಬಾಗಿಲು ತಟ್ಟಿದರು, ಏನು ಕೇಳಿದರು, ತಾವೇನು ಕೊಟ್ಟೆವು, ಎಲ್ಲವನ್ನೂ ಬರೆದಿಡುತ್ತಿದ್ದರು. ಬರೆದು ಬರೆದು ಮನೆಯಲ್ಲಿ ಕಾಲಿಡಲೂ ಜಾಗವಿಲ್ಲದಂತಾದರೆ ಉಸಿರುಕಟ್ಟಿ ನಿಂತುಬಿಡುತ್ತಿದ್ದರು.

ಅಜ್ಜಿ ಇದ್ದಿದ್ದರೆ ಹೀಗೇ ಶುರುಮಾಡುತ್ತಿದ್ದಳು ಎಂದುಕೊಂಡಳು ಪುಟ್ಟಿ. ಗಾಜಿನಾಚೆ ಹನ್ನೆರಡು ಸರ್ವರ್‌ಗಳು, ಮಾಡಿದ್ದನ್ನೆಲ್ಲ ತಂತಮ್ಮ ಲಾಗ್ ಫೈಲಿನಲ್ಲಿ ಬರೆದುಕೊಳ್ಳುತ್ತ, ಮಿಣುಕುತ್ತಿದ್ದವು. ಆಸ್ಪತ್ರೆಯ ರಕ್ತಪರೀಕ್ಷೆಯ ವರದಿಗಳು ಲ್ಯಾಬಿನಿಂದ ಆಪರೇಷನ್ ಥಿಯೇಟರಿಗೆ ಹೋಗಬೇಕಾದರೆ ಇವುಗಳ ಮೂಲಕವೇ ಹೋಗಬೇಕು.

ಇವತ್ತು ಹನ್ನೊಂದೂವರೆಗೆ ಅದೇ ಆಸ್ಪತ್ರೆಯಲ್ಲಿ ಅಕ್ಕನಿಗೆ ಆಪರೇಷನ್. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಕೈಹಿಡಿದು ಈ ಕೆಲಸ ಕಲಿಸಿದವಳು. ಬೆಳಿಗ್ಗೆಯೇ ಫೋನ್ ಮಾಡಿದ್ದಳು.

"ಲಾಗಿನ ನಕಲು ನಿನ್ನೆಯೇ ತೆಗ್ದಿಟ್ಟಿದೀನಿ. ನಾನು ಒಳಗೆ ಹೋಗೋಷ್ಟ್ರಲ್ಲಿ ಹನ್ನೆರಡೂ ಖಾಲಿ ಮಾಡಿರ್ಬೇಕು. ನನ್ನ ರಕ್ತದ ವರದಿನೂ ಅಲ್ಲಿಂದಾನೇ ಬರೋದು, ಗೊತ್ತಲ್ಲ?"

"ಮಾಡ್ತೀನಕ್ಕ. ಮುಗಿಸಿ ಮೆಸೇಜ್ ಹಾಕ್ತೀನಿ, ನಿಮ್ಮಾಣೆ."

"ಆಣೆಗೀಣೆ ಆಮೇಲೆ. ಫೈಲು ಖಾಲಿ ಮಾಡು, ಅಳಿಸ್ಬೇಡ. ಕಥೆ ಕಟ್ಕೊಂಡು ಕೂತ್ಬಿಟ್ಟೀಯ!"

ಕಥೆಯನ್ನೇ ಕಟ್ಟುತ್ತಿದ್ದಳು. ಅಣ್ಣತಮ್ಮಂದಿರಲ್ಲಿ ಹಿರಿಯ ಯಾರು, ಮುಂಗೋಪಿ ಯಾರು ಎಂದು ಯೋಚಿಸುತ್ತಿರುವಾಗಲೇ ಅವಳ ಬೆರಳು ಹನ್ನೆರಡಕ್ಕೂ ಸೇರಿಸಿ ಒಂದೇ ಆಜ್ಞೆ ಕೊಟ್ಟುಬಿಟ್ಟಿತು: ಅಳಿಸು.

ಪಟ್ಟಿಯಿಂದ ಫೈಲುಗಳ ಹೆಸರುಗಳು ಮಾಯವಾದವು. ಜಾಗ ಮಾತ್ರ ಬಿಡುವಾಗಲಿಲ್ಲ. ಡಿಸ್ಕುಗಳು ನೂರಕ್ಕೆ ತೊಂಬತ್ತಾರು ಭಾಗ ತುಂಬಿದ್ದವು, ಈಗ ತೊಂಬತ್ತೇಳು. ಕಣ್ಣಿಗೆ ಕಾಣದ್ದೇನೋ ಒಳಗೆ ಕೂತು ಉಬ್ಬುತ್ತಿತ್ತು. ಹೆಸರಿದ್ದರೆ ಹಿಡಿಯಬಹುದಿತ್ತು. ಆ ಹೆಸರನ್ನು ಅಳಿಸಿದವಳು ಅವಳೇ.

ಯಂತ್ರಗಳನ್ನು ನಿಲ್ಲಿಸಿ ಮತ್ತೆ ಶುರುಮಾಡಿದರೆ ಪೀಡೆ ತೊಲಗುತ್ತದೆ, ನಿಜ. ಆದರೆ ಅದಕ್ಕೆ ಇಪ್ಪತ್ತು ನಿಮಿಷ ಬೇಕು, ಅಷ್ಟು ಹೊತ್ತು ಒಂದು ವರದಿಯೂ ಹೋಗುವುದಿಲ್ಲ. ಗಡಿಯಾರದಲ್ಲಿ ಹನ್ನೊಂದು ಐದು.

ಫೋನ್ ಬಡಿದುಕೊಂಡಿತು. ಲ್ಯಾಬಿನ ಟೆಕ್ನೀಶಿಯನ್.

"ಏನಮ್ಮಾ, ನಿಮ್ಮ ಮಿಷನ್ನುಗಳು ಆಕಳಿಸ್ತಿದಾವಾ? ಒಂದು ವರದಿ ಕಳಿಸೋಷ್ಟ್ರಲ್ಲಿ ನಂಗೆ ಗಡ್ಡ ಬೆಳೀತಿದೆ!"

"ನೋಡ್ತಿದೀನಿ ಸಾರ್."

"ಹನ್ನೊಂದೂವರೆ ಕೇಸಿಗೆ ರಕ್ತ ಹೊಂದಿಸ್ಬೇಕು. ಈಗ ಮಾತ್ರ ಏನೂ ನಿಲ್ಲಿಸ್ಬೇಡಮ್ಮ, ಕೈ ಮುಗೀತೀನಿ."

ಆ ಕೇಸು ಅಕ್ಕನದೇ. ಪುಟ್ಟಿ ಡಿಸ್ಕಿನ ಅಂಕಿ ನೋಡಿದಳು. ತೊಂಬತ್ತೆಂಟು.

ಕಳೆದ ಉಂಗುರಕ್ಕಾಗಿ ಅರಮನೆಯನ್ನೆಲ್ಲ ಜಾಲಾಡಿದ ಅಜ್ಜಿಯ ಕಥೆಯ ರಾಣಿ, ಕೊನೆಗೆ ಮುಷ್ಟಿ ಬಿಗಿದು ನಿಂತಿದ್ದ ದಾಸಿಯ ಕೈ ಬಿಡಿಸಿ ನೋಡಿದ್ದಳು. ಪುಟ್ಟಿ ಸೆಟೆದು ಕೂತಳು. ಹೆಸರು ಹೋದರೇನು, ಬರೆಯುತ್ತಿದ್ದ ಪ್ರೋಗ್ರಾಮು ಫೈಲನ್ನು ಇನ್ನೂ ಬಿಗಿಯಾಗಿ ಹಿಡಿದೇ ಇದೆ! ಯಾರ ಕೈಯಲ್ಲಿ ಏನಿದೆ ಎಂದು ಮೊದಲ ಯಂತ್ರವನ್ನು ಕೇಳಿದಳು. ಉದ್ದನೆಯ ಪಟ್ಟಿ ಬಂತು. ಅದರಲ್ಲೊಂದು ಸಾಲಿನ ಮುಂದೆ 'ಅಳಿಸಿದ್ದು' ಎಂದಿತ್ತು, ಪಕ್ಕದಲ್ಲಿ ಅದರ ಸಂಖ್ಯೆ.

ಆ ಸಂಖ್ಯೆಯಿಂದಲೇ ಒಳಹೊಕ್ಕು, ಹಿಡಿದ ಕೈಯಲ್ಲಿರುವಂತೆಯೇ ಫೈಲನ್ನು ಖಾಲಿ ಮಾಡಬಹುದು. ಆದರೆ ಒಂದೇ ಒಂದು ಅಂಕಿ ತಪ್ಪಿದರೆ ಖಾಲಿಯಾಗುವುದು ಲಾಗಲ್ಲ, ಕಾಯುತ್ತಿರುವ ವರದಿಗಳು. ಎಲ್ಲಕ್ಕೂ ಒಟ್ಟಿಗೆ ಆಜ್ಞೆ ಕೊಡುವ ಧೈರ್ಯ ಅವಳಿಗೆ ಇನ್ನಿರಲಿಲ್ಲ. ಒಂದೊಂದೇ ಸಂಖ್ಯೆಯನ್ನು ಬೆರಳಿಟ್ಟು ಮೂರು ಸಲ ಗಟ್ಟಿಯಾಗಿ ಓದಿ, ಕಣ್ಣು ಕಿರಿದು ಮಾಡಿ ಗುಂಡಿ ಒತ್ತಿದಳು.

ಮೊದಲನೆಯದು ಮೂವತ್ತಕ್ಕಿಳಿಯಿತು. ಎರಡನೆಯದು. ಮೂರನೆಯದು. ಹನ್ನೆರಡನೆಯದು ತೊಂಬತ್ತೊಂಬತ್ತರಲ್ಲಿ ಏದುಸಿರು ಬಿಡುತ್ತಿತ್ತು. "ತಡ್ಕೋ ತಮ್ಮಾ, ಒಂದೇ ನಿಮಿಷ," ಎಂದಳು ಅದಕ್ಕೆ. ಓದಿದಳು, ಮತ್ತೆ ಓದಿದಳು, ಮತ್ತೊಮ್ಮೆ ಓದಿ ಒತ್ತಿದಳು.

ಇಪ್ಪತ್ತೊಂಬತ್ತು.

ಫೋನ್ ಬಡಿದುಕೊಂಡಿತು. ಎತ್ತಲು ಭಯ, ಬಿಡಲೂ ಭಯ.

"ಹೋಯ್ತು ಕಣಮ್ಮ, ಹನ್ನೊಂದೂವರೆ ಕೇಸಿನ ವರದಿ. ರಕ್ತ ಹೊಂದ್ತು. ಏನ್ ಗುಟುಕು ಕುಡಿಸ್ದೆ ಅವಕ್ಕೆ?"

ಹನ್ನೊಂದು ಇಪ್ಪತ್ತಾರು. ಪುಟ್ಟಿ ಮೊಬೈಲ್ ತೆಗೆದು ಬರೆದಳು: "ಹನ್ನೆರಡೂ ಖಾಲಿ ಅಕ್ಕ. ಮೊದಲು ಅಳಿಸಿಬಿಟ್ಟಿದ್ದೆ. ಬೈಯೋಕೆ ಬೇಗ ಬನ್ನಿ."

ಕಳಿಸಿದಳು.